ಓಗೊಡುವ ಕಂಬಗಳು

ನದಿ ಎಚ್ಚರಿಕೆ ಕೇಂದ್ರದಲ್ಲಿ ಚಹಾ ಮಾಡುವ ಕೆಲಸಕ್ಕೆ ಸೇರುವ ಮೊದಲು ಅಂಬಿಗರ ಅಮರಮ್ಮ ಇಪ್ಪತ್ತಾರು ವರ್ಷ ಹರಿಗೋಲು ಹಾಕಿದವಳು. ಗಂಡ ಹುಸೇನಪ್ಪನ ಬೆನ್ನು ಹಿಡಿದುಕೊಂಡು ಅವನು ಬಗ್ಗಲಾರದೆ ಹೋದಾಗ, ಯಾರನ್ನೂ ಕೇಳದೆ ಹುಟ್ಟನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಹೊಂಗಲಗಡ್ಡಿಯ ಮಂದಿಯನ್ನು, ಅವರ ಜೋಳದ ಚೀಲಗಳನ್ನು, ಕುರಿಗಳನ್ನು, ಹೆರಿಗೆಗೆ ಹೊರಟ ಹೆಂಗಸರನ್ನು, ಒಮ್ಮೆ ಒಂದು ಹೊಲಿಗೆ ಯಂತ್ರವನ್ನೂ ಅದನ್ನು ಬಿಡದೆ ತಬ್ಬಿಕೊಂಡಿದ್ದ ದರ್ಜಿಯನ್ನೂ ದಾಟಿಸಿದ್ದಳು. ಸರಕಾರದ ಎಂಜಿನ್ ದೋಣಿ ಬಂದ ಮೇಲೆ ಹರಿಗೋಲು ಅಂಗಳದಲ್ಲಿ ಬೋರಲಾಯಿತು; ಅದರಡಿಯಲ್ಲಿ ಕೋಳಿಗಳು ಸಂಸಾರ ಹೂಡಿದವು. ಅಮರಮ್ಮ ದಿನಾ ಬೆಳಿಗ್ಗೆ ಅದೇ ಎಂಜಿನ್ ದೋಣಿಯಲ್ಲಿ ಕುಳಿತು ಆಚೆ ದಂಡೆಯ ಕೇಂದ್ರಕ್ಕೆ ಬಂದು ಗ್ಯಾಸ್ ಒಲೆ ಹಚ್ಚುವಳು.

ಹೊಂಗಲಗಡ್ಡಿ ಎಂದರೆ ಕೃಷ್ಣೆ ಎರಡು ಕವಲಾಗಿ ಹರಿದು ನಡುವೆ ಉಳಿಸಿದ ನೆಲ. ಮೂವತ್ತೊಂದು ಮನೆ, ನೂರ ಹದಿನೆಂಟು ಜನ. ಜೋಳ, ತೊಗರಿ, ಶೇಂಗಾ ಬೆಳೆಯುವ ಕಪ್ಪು ಮಣ್ಣು. ಮೇಲಿನ ಜಲಾಶಯದ ಬಾಗಿಲು ಎತ್ತಿದರೆ ಎರಡು ತಾಸಿನೊಳಗೆ ನೀರು ಅಂಗಳಕ್ಕೆ ಬರುತ್ತಿತ್ತು. ಅದಕ್ಕೇ ಗಡ್ಡಿಯ ಎತ್ತರದ ಜಾಗದಲ್ಲಿ ಸರಕಾರ ಕಂಬಗಳ ಮೇಲೆ ದೊಡ್ಡದೊಂದು ಆಸರೆ ಕಟ್ಟೆ ಕಟ್ಟಿಸಿತ್ತು. ಹೇಳಿದ ಹೊತ್ತಿಗೆ ಜನ ಅದನ್ನು ಹತ್ತಿದರೆ ಸಾಕು, ಅಲ್ಲಿಂದ ದೋಣಿ ಒಯ್ಯುತ್ತದೆ. ಆದರೆ ಹೇಳುವುದು ಹೇಗೆ?

ಕೇಂದ್ರದವರು ಮೂರು ವರ್ಷದಿಂದ ತಲೆ ಕೆಡಿಸಿಕೊಂಡದ್ದು ಇದಕ್ಕೇ. ನೆರೆ ಬಂದರೆ ಮೊಬೈಲಿನ ಟವರುಗಳೇ ಮೊದಲು ಮಲಗುತ್ತಿದ್ದವು. ಸೈರನ್ ಕೂಗಿಸಿದರೆ ಹತ್ತಿ ಮಿಲ್ಲಿನ ಪಾಳಿ ಬದಲಾಯಿತೆಂದು ಜನ ಬುತ್ತಿ ಬಿಚ್ಚುತ್ತಿದ್ದರು. ಆದ್ದರಿಂದ ನೂರ ನಲವತ್ತು ಕಿಲೋಮೀಟರು ಹೊಳೆಯ ಎರಡೂ ದಂಡೆಗೆ, ನಡುಗಡ್ಡೆಗಳಿಗೆ, ಕಾಲು ಕಿಲೋಮೀಟರಿಗೊಂದರಂತೆ, ಬಿಸಿಲಿನಿಂದ ನಡೆಯುವ ಕಂಬಗಳನ್ನು ನೆಟ್ಟರು. ಪ್ರತಿ ಕಂಬಕ್ಕೂ ಒಂದು ಬಾಯಿ, ನಾಲ್ಕು ಕಿವಿ. ಬಾಯಿ ಕೂಗಬೇಕು, ಕೇಳಿದ ಜನ ತಿರುಗಿ ಕೂಗಬೇಕು, ಕಿವಿ ಅದನ್ನು ಹಿಡಿಯಬೇಕು. ದನಿ ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರು ನಡೆಯುತ್ತದೆ. ಒಂದೇ ಕೂಗು ಮೂರು ಕಂಬಗಳಿಗೆ ಬೇರೆ ಬೇರೆ ಗಳಿಗೆಗೆ ಮುಟ್ಟುವುದರಿಂದ, ಆ ಅಂತರವನ್ನು ಅಳೆದು, ಕೂಗಿದವರು ಎಲ್ಲಿ ನಿಂತಿದ್ದಾರೆಂದು ಯಂತ್ರ ಹೇಳುತ್ತಿತ್ತು. ಕೇಂದ್ರದ ಗೋಡೆಯಗಲದ ಪರದೆಯ ಮೇಲೆ ಹೊಳೆ ನೀಲಿ ಗೆರೆಯಾಗಿ ಮಲಗಿರುತ್ತಿತ್ತು. ಒಬ್ಬೊಬ್ಬರು ಕೂಗಿದಂತೆ ಒಂದೊಂದು ಹಸಿರು ಚುಕ್ಕೆ ಏಳಬೇಕು.

ಯಂತ್ರವೆಲ್ಲ ತಯಾರಾಗಿತ್ತು. ಏನು ಕೂಗಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

"ಉದ್ದ ಮಾತು ಬೇಡವೇ ಬೇಡ ಮಾರಾಯ್ರೆ," ಎಂದಳು ಡಾಕ್ಟರ್ ಜೆಸಿಂತಾ ಲೋಬೋ. ಮಂಗಳೂರಿನ ಕಡೆಯ ಈ ಹುಡುಗಿಯೇ ಯಂತ್ರಕ್ಕೆ ಕಿವಿ ಕೊಟ್ಟವಳು. "ಮೇಲಿನ ಊರುಗಳಿಗೆ ಮರಾಠಿ, ನಡುವೆ ಕನ್ನಡ, ಕೆಳಗೆ ತೆಲುಗು. ಇಟ್ಟಂಗಿ ಭಟ್ಟಿಗಳಲ್ಲಿ ಬಂಗಾಳದಿಂದ ಬಂದವರಿದ್ದಾರೆ. ಎಲ್ಲರಿಗೂ ಹೇಳಿ ಮುಗಿಸುವಾಗ ನಾಲ್ಕು ನಿಮಿಷ ಆಗ್ತದೆ. ಅದರ ಮೇಲೆ ಗಾಳಿ. ಕ, ತ, ಪ ಎಲ್ಲ ದಾರಿಯಲ್ಲೇ ಉದುರಿಹೋಗ್ತದೆ. ದೂರಕ್ಕೆ ಹೋಗಿ ಮುಟ್ಟುದು ಸ್ವರ ಮಾತ್ರ. ಹಾಗಾಗಿ ಒಂದೇ ಅಕ್ಷರದ ಮಾತು. ಓ."

ಅಮರಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೇಜಿನ ತುದಿಗೆ ಕುಳಿತಿದ್ದ ಮುಖ್ಯ ಇಂಜಿನಿಯರ್ ಶೀಲವಂತ ಸಾಹೇಬರು ಕನ್ನಡಕ ಹಣೆಗೇರಿಸಿದರು.

"ಓ ಅಂದ್ರ ಅವರವರ ಭಾಷಾದಾಗ ಏನೇನರೆ ಆಗ್ತದಲ್ಲ ಮತ್ತ? ಅದನ್ನ ನೋಡೀರೇನು?"

"ನೋಡಿದ್ದೇನೆ ಸರ್. ಪಟ್ಟಿಯೇ ಉಂಟು." ಜೆಸಿಂತಾ ಉತ್ಸಾಹದಿಂದ ಎದ್ದು ನಿಂತಳು. "ಬಂಗಾಳಿಯಲ್ಲಿ ಓ ಅಂದ್ರೆ ಅವನು, ಅವಳು. ತುರ್ಕಿಯವರಿಗೂ ಹಾಗೇ. ತೆಲುಗಿನಲ್ಲಿ ಒಂದು, ಓ ರೋಜು ಅಂದ ಹಾಗೆ. ಸ್ಪೇನಿನವರಿಗೆ ಅಥವಾ. ಪೋಲೆಂಡಿನಲ್ಲಿ ಕುರಿತು. ವಿಯೆಟ್ನಾಮಿನಲ್ಲಿ ಕೊಡೆ..."

"ಕೊಡೀನಾ?"

"ಹೌದು ಸರ್, ಮಳೆಗೆ ಹಿಡೀತೇವಲ್ಲ, ಅದು. ಜಪಾನಿನಲ್ಲಿ ಸ್ವಲ್ಪ ಎಳೆದ್ರೆ ರಾಜ, ಎಳೆಯದಿದ್ರೆ ಬಾಲ. ಫ್ರೆಂಚಿನಲ್ಲಿ ಬರೆಯುದು ಬೇರೆ ತರ, ಆದ್ರೆ ಬಾಯಲ್ಲಿ ಓ ಅಂದ್ರೆ ನೀರು. ನಾಲಿಗೆ ಒಂದು ಚೂರು ಮುಂದೆ ತಂದು ಅಂದ್ರೆ ಸ್ವೀಡನ್ನಿನಲ್ಲಿ ನಡುಗಡ್ಡೆ."

"ನೀರು, ನಡುಗಡ್ಡಿ!" ಅಮರಮ್ಮನಿಗೆ ಬಾಯಿ ತಡೆಯಲಾಗಲಿಲ್ಲ. "ಅವರು ನಮ್ಮೂರು ನೋಡಿ ಬಂದಾರೇನ್ರಿ ಮೇಡಂ?"

ಮೇಜಿನ ಸುತ್ತ ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, "ಮತ್ತ ನಮ್ಮ ಕನ್ನಡದಾಗ ಏನಮ್ಮಾ?" ಎಂದು ಅವಳನ್ನೇ ಕೇಳಿದರು.

"ನಮ್ಮ ಕಡಿ ಯಾರರೆ ಕರದ್ರ ಓ ಅಂತೀವ್ರಿ. ಹೊಳಿ ದಂಡಿಮ್ಯಾಲ ನಿಂತು ಹರಿಗೋಲು ಕರಿಯಾಕೂ ಓ ಅಂತೀವಿ. ಮ್ಯಾಲಿನ ಮರಾಠಿ ಮಂದೀನೂ ಕರದ್ರ ಓ ಕೊಡ್ತಾರ್ರಿ, ನಾ ಕೇಳೀನಿ."

"ಮುಗೀತು," ಎಂದಳು ಜೆಸಿಂತಾ. "ಅರ್ಥ ಏನೇ ಇರಲಿ ಸರ್. ಓ ಅಂತ ಕೇಳಿದ್ರೆ ಮನುಷ್ಯ ತಲೆ ಎತ್ತುತ್ತಾನೆ. ನಮಗೆ ಅಷ್ಟೇ ಬೇಕಾದ್ದು."

ಓ ಎಂದೇ ನಿಶ್ಚಯವಾಯಿತು. ಆದರೆ ಆ ದಿನ ಸಭೆ ಮುಗಿಯುವಾಗ ಸಾಹೇಬರು ಒಂದು ಕಾಗದ ಓದಿದರು. ಓದುವಾಗ ಅವರ ನಗೆ ಮಾಯವಾಗಿತ್ತು. ಹೊಂಗಲಗಡ್ಡಿಯಲ್ಲಿ ಮೂರು ಸಲ ಪರೀಕ್ಷೆ ಮಾಡಬೇಕು. ಕೂಗು ಶುರುವಾಗಿ ನಲವತ್ತು ನಿಮಿಷದೊಳಗೆ ಪ್ರತಿಯೊಬ್ಬರೂ ಆಸರೆ ಕಟ್ಟೆಯ ಮೇಲಿರಬೇಕು, ಇದ್ದಾರೆಂದು ಯಂತ್ರಕ್ಕೆ ತಿಳಿಯಬೇಕು. ಮೂರರಲ್ಲಿ ಒಂದು ಸಲವೂ ಅದು ಆಗದಿದ್ದರೆ ಗಡ್ಡಿ ವಾಸಕ್ಕೆ ಯೋಗ್ಯವಲ್ಲ. ಮೂವತ್ತೊಂದು ಮನೆಯನ್ನೂ ಎಬ್ಬಿಸಿ ಇಪ್ಪತ್ತೆರಡು ಕಿಲೋಮೀಟರು ದೂರದ ಪುನರ್ವಸತಿ ಕಾಲೊನಿಗೆ ಕಳಿಸಬೇಕು.

ಆ ಕಾಲೊನಿಯನ್ನು ಅಮರಮ್ಮ ನೋಡಿದ್ದಳು. ಸಾಲಾಗಿ ಸಿಮೆಂಟು ಮನೆಗಳು, ಸುತ್ತ ಗರಸು ನೆಲ. ಅಲ್ಲಿಂದ ಹೊಳೆ ಕಾಣುವುದಿಲ್ಲ. ಆಕೆ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗಿ, ತೊಳೆದ ಕಪ್ಪುಗಳನ್ನೇ ಮತ್ತೊಮ್ಮೆ ತೊಳೆದಳು.

ಮೊದಲ ಪರೀಕ್ಷೆಗೆ ಒಳ್ಳೆಯ ದಿನ, ಒಳ್ಳೆಯ ಬಿಸಿಲು. ಹನ್ನೆರಡೂವರೆಗೆ ಎಲ್ಲರೂ ಊಟಕ್ಕೆ ಮನೆಯಲ್ಲಿರುತ್ತಾರೆಂದು ಲೆಕ್ಕ ಹಾಕಿ ಅದೇ ಹೊತ್ತನ್ನು ಆರಿಸಿದ್ದರು. ಬೆಂಗಳೂರಿನಲ್ಲಿ ಹಾಡು ಕಲಿತವಳೊಬ್ಬಳಿಂದ ಓಕಾರ ಮುದ್ರಿಸಿ ತಂದಿದ್ದರು. ಜೆಸಿಂತಾ ಗುಂಡಿ ಒತ್ತಿದಳು. ಗಡ್ಡಿಯ ಒಂಬತ್ತು ಕಂಬಗಳಿಂದ ಒಮ್ಮೆ, ಒಂದೇ ಒಂದು ಸಲ, ಜೇನಿನಂಥ ಓ ಹೊಮ್ಮಿತು. ಕೇಂದ್ರದ ಸ್ಪೀಕರಿನಲ್ಲೂ ಕೇಳಿಸಿತು.

ಎಲ್ಲರೂ ಪರದೆ ನೋಡಿದರು. ಒಂದು ನಿಮಿಷ ಹೋಯಿತು. ಐದಾಯಿತು. ಹತ್ತಾಯಿತು. ಒಂದೂ ಚುಕ್ಕೆ ಏಳಲಿಲ್ಲ.

"ಕಿವಿ ಕೆಟ್ಟಾವೇನು?" ಎಂದರು ಸಾಹೇಬರು.

"ಇಲ್ಲ ಸರ್. ಕೋಳಿ ಕೇಳ್ತಾ ಉಂಟು. ಯಾರೋ ಕೆಮ್ಮಿದ್ದೂ ಬಂತು." ಜೆಸಿಂತಾ ಡ್ರೋನ್ ಹಾರಿಸಿ ನೋಡಿದಳು. ಗಡ್ಡಿಯ ಜನರೆಲ್ಲ ಮನೆಯ ಮುಂದೆ ಬಂದು ಕಂಬದ ಕಡೆಗೇ ನೋಡುತ್ತ ನಿಂತಿದ್ದರು. ಒಬ್ಬರೂ ಬಾಯಿ ತೆರೆದಿರಲಿಲ್ಲ. ಅಜ್ಜಿಯರು ಮೊಮ್ಮಕ್ಕಳ ಬಾಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದರು.

ಆಗ ಅಮರಮ್ಮನಿಗೆ ತನ್ನ ತುಟಿಗಳ ಕಡೆ ಗಮನ ಹೋಯಿತು. ಕೂಗು ಕೇಳಿದ ಗಳಿಗೆಯಿಂದ ಅವನ್ನು ಆಕೆಯೂ ಬಿಗಿಹಿಡಿದಿದ್ದಳು.

ಆ ಸಂಜೆ ಮನೆಯಲ್ಲಿ ಅತ್ತೆ ನಾಗಮ್ಮ ಜಗಲಿಯ ಮೇಲೆ ಕಾಲು ಚಾಚಿ ತೊಗರಿ ಆರಿಸುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ. ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸೊಸೆ ಮಾತು ತೆಗೆಯುವ ಮೊದಲೇ ಆಕೆ ಶುರುಮಾಡಿದಳು.

"ಏನೋ ಹುಸೇನ್ಯಾ, ನಿನ್ನ ಹೇಣ್ತಿ ಕಚೇರಿಯವರಿಗಿ ಬುದ್ಧಿ ಎಲ್ಲಿ ಇಟ್ಟಾರ ಅಂತ ಕೇಳು. ಮಟಮಟ ಮಧ್ಯಾಹ್ನ, ಹೆಸರು ಹಿಡಿಲಾರದ, ಒಂದ ಸರ್ತಿ ಕೂಗಿ ಸುಮ್ಮಾಗ್ಯಾರ! ಯಾರರೆ ಓಗೊಡ್ತಾರೇನು?"

ಇದನ್ನು ಗಡ್ಡಿಯಲ್ಲಿ ಕೂಸಿಗೂ ಹೇಳಿಕೊಡಬೇಕಾಗಿಲ್ಲ. ಮನುಷ್ಯರು ಕರೆದರೆ ಮೂರು ಸಲ ಕರೆಯುತ್ತಾರೆ. ಒಂದೇ ಸಲ ಕರೆದು ಸುಮ್ಮನಾಗುವುದು ಬೇರೆಯದು. ಅದು ಹೊಳೆಯ ಮಡುವಿನಿಂದ ನಟ್ಟನಡು ಹಗಲಲ್ಲಿ ಕರೆಯುತ್ತದೆ, ಇನಿದನಿಯಲ್ಲಿ ಕರೆಯುತ್ತದೆ. ಓಗೊಟ್ಟರೆ ಬೆನ್ನು ಹತ್ತುತ್ತದೆ.

"ಅದೂ ಎಂಥಾ ದನಿ ಅಂತೀ!" ಬಾಗಿಲಿಗೊರಗಿ ನಿಂತಿದ್ದ ಹುಸೇನಪ್ಪ ನಕ್ಕ. "ಓ ಅಂದೇ ಬಿಡೋನಿದ್ದೆ. ಅವ್ವ ಸೆರಗು ತಗದು ಬಾಯಾಗ ತುರುಕಿದಳು."

"ತುರುಕದ ಬಿಡತೇನು? ನಿನಗ ಚಂದನ್ನ ದನಿ ಕೇಳಿದ್ರ ನಿಂದ್ರಾಕ ಬರಂಗಿಲ್ಲ."

ಅಮರಮ್ಮ ನಗುತ್ತಲೇ ಅಡಿಗೆ ಮನೆಗೆ ಹೋದಳು. ರೊಟ್ಟಿ ಬಡಿದು ಮುಗಿದ ಮೇಲೆ, ನೆರೆಮನೆಯ ಹುಡುಗಿಯನ್ನು ಕರೆದು, "ಅಜ್ಜಿಗಿ ಊಟಕ್ಕ ಏಳ್ರಿ ಅನ್ನು," ಎಂದಳು. ಅತ್ತೆ ಇದ್ದದ್ದು ನಾಲ್ಕು ಮಾರು ದೂರದಲ್ಲಿ. ಆದರೂ ಆ ಮನೆಯ ಸೊಸೆಯಾಗಿ ಬಂದ ಮೂವತ್ತನಾಲ್ಕು ವರ್ಷದಲ್ಲಿ ಅಮರಮ್ಮ ಅತ್ತೆಯನ್ನು ಒಮ್ಮೆಯೂ ಕೂಗಿ ಕರೆದವಳಲ್ಲ. ಸೊಸೆಯಾದವಳು ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಬೇಕು, ಇಲ್ಲವೇ ಯಾರ ಕೈಲಾದರೂ ಹೇಳಿಸಬೇಕು. ಆಚೆ ದಂಡೆಗೆ ಮುಟ್ಟುವ ಹಾಗೆ ಕೂಗುತ್ತಿದ್ದವಳು ಹೊಸ್ತಿಲ ಒಳಗೆ ಬಂದರೆ ಪಿಸುಗುಟ್ಟುವಳು. ಅದು ಹಾಗೆಯೇ ನಡೆದುಬಂದಿತ್ತು.

ಮರುದಿನ ಆಕೆ ಹೇಳಿದ್ದನ್ನು ಕೇಳಿ ಜೆಸಿಂತಾ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಮಾರಾಯ್ತಿ! ಪ್ರಪಂಚದ ಭಾಷೆಗಳನ್ನೆಲ್ಲ ಹುಡುಕಿದೆ, ನಿಮ್ಮನ್ನು ಕೇಳ್ಲಿಲ್ಲ ನೋಡಿ. ಮೂರು ಸಲ ಕೂಗಿದ್ರೆ ಆಯ್ತಾ?"

"ಆತು ಅನಸ್ತದ್ರಿ. ಹೊತ್ತೂ ಬದಲು ಮಾಡ್ರಿ."

ಎರಡನೆಯ ಪರೀಕ್ಷೆ ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಕಂಬಗಳು ಮೂರು ಸಲ ಕೂಗಿದವು. ಮೂರನೆಯದು ನಿಲ್ಲುತ್ತಿದ್ದಂತೆ ಪರದೆಯ ಮೇಲೆ ಒಂದು ಚುಕ್ಕೆ ಎದ್ದಿತು. ಆಮೇಲೆ ಹತ್ತು, ನಲವತ್ತು, ಎಪ್ಪತ್ತೊಂದು. ಜೆಸಿಂತಾ ಕುರ್ಚಿ ಬಿಟ್ಟು ಕುಣಿದಳು. ಶೀಲವಂತ ಸಾಹೇಬರು ಅಮರಮ್ಮನ ಕಡೆ ತಿರುಗಿ, "ಭೇಷ್" ಎಂದರು.

ಆದರೆ ಚುಕ್ಕೆಗಳು ಎದ್ದಲ್ಲೇ ಇದ್ದವು. ಒಂದೂ ಆಸರೆ ಕಟ್ಟೆಯ ಕಡೆ ಸರಿಯಲಿಲ್ಲ. ಡ್ರೋನಿನಲ್ಲಿ ನೋಡಿದರೆ ಜನ ಹಣೆಗೆ ಕೈ ಅಡ್ಡ ಹಿಡಿದು ಹೊಳೆಯ ಕಡೆ, ದಾರಿಯ ಕಡೆ ನೋಡುತ್ತಿದ್ದರು. ಹದಿನೈದು ನಿಮಿಷ ಹಾಗೆ ನಿಂತು, ಒಬ್ಬೊಬ್ಬರಾಗಿ ಒಳಗೆ ಹೋದರು. ಒಬ್ಬ ಮುದುಕ ಹೋಗುವ ಮೊದಲು ಕಂಬಕ್ಕೆ ಏನೋ ಅಂದ. ಯಂತ್ರ ಅದನ್ನು ಹಿಡಿದು ಸ್ಪೀಕರಿನಲ್ಲಿ ಕೇಳಿಸಿತು. ಬರೆಯುವಂಥ ಮಾತಲ್ಲ.

"ಯಾಕೆ ಹೊರಡ್ಲಿಲ್ಲ?" ಜೆಸಿಂತಾ ಅಳುವ ಹಾಗಾಗಿದ್ದಳು. "ಕೂಗು ಕೇಳಿದೆ, ಉತ್ತರ ಕೊಟ್ರು. ಕಟ್ಟೆಗೆ ಹೋಗ್ಬೇಕು ಅಂತ ಎಲ್ಲರಿಗೂ ಗೊತ್ತುಂಟು."

ಅಮರಮ್ಮ ಅಲ್ಲೇ ನೆಲದ ಮೇಲೆ ಕುಳಿತಳು. ಅವಳಿಗೆ ಕುರ್ಚಿಯ ಮೇಲೆ ಯೋಚನೆ ಬರುತ್ತಿರಲಿಲ್ಲ.

"ಮೇಡಂ, ಆಚಿ ದಂಡಿಗಿ ನಿಂತು ಯಾರರೆ ಹರಿಗೋಲು ಕರದ್ರ ನಾ ಏನ್ ಮಾಡ್ತಿದ್ದೆ ಅಂದ್ರ, ಈ ದಂಡಿಯಿಂದ ಓ ಅಂತಿದ್ದೆ. ಅವರು ಅದು ಕೇಳಿ ಮತ್ತ ಓ ಅಂತಿದ್ರು. ಅವರ ಆ ಓ ಬರೂತನಕ ನಾ ಹಗ್ಗ ಬಿಚ್ಚತಿದ್ದಿಲ್ಲ. ಯಾಕಂದ್ರ ಬರೇ ಗಾಳಿ ಸದ್ದು ಕೇಳಿ ಹೊಳಿಗಿ ಬಿದ್ದೀನಂದ್ರ? ಅವರೂ ಹಂಗ, ನನ್ನ ಓ ಕೇಳೂತನಕ ದಂಡಿ ಬಿಟ್ಟು ಕದಲ್ತಿದ್ದಿಲ್ಲ. ನಿಮ್ಮ ಕಂಬ ಕರೀತದ. ಮಂದಿ ಓ ಅಂತಾರ. ಮುಂದ? ಸುಮ್ಮ ನಿಂತುಬಿಡ್ತದ. ಕರದಾಂವ ಹೊಂಟ ಹ್ವಾದ ಅಂತ ತಿಳ್ಕೊಂಡು ಅವರು ಮನೀಗಿ ಹ್ವಾದ್ರು."

"ಅಂದ್ರೆ ಓ ಅಂದವರಿಗೆ ಯಂತ್ರ ತಿರುಗಿ ಓ ಅನ್ನಬೇಕು."

"ಒಬ್ಬೊಬ್ಬರಿಗೂ ಅನ್ನಬೇಕ್ರಿ. ಇನ್ನೂ ಯಾರರೆ ಅನ್ನದವರು ಇದ್ರ, ಅವರು ಅನ್ನೂತನಕ ಬಿಡಬಾರದು. ಮತ್ತ ಇನ್ನೊಂದು." ಅಮರಮ್ಮ ಸ್ವಲ್ಪ ಸಂಕೋಚಪಟ್ಟಳು. "ಆ ಹಾಡೂ ಹುಡುಗಿ ದನಿ ತಗದುಬಿಡ್ರಿ. ಚಲೋ ಐತಿ. ಆದ್ರ ಯಾರು ಅಂತ ಗೊತ್ತಾಗಂಗಿಲ್ಲ."

ಆ ವಾರವಿಡೀ ಅಮರಮ್ಮ ಜೆಸಿಂತಾಳ ಜೊತೆಗೇ ಇದ್ದಳು, ಕೇಂದ್ರಕ್ಕೆ ಚಹಾ ಸಿಕ್ಕಲಿಲ್ಲ. ಜೆಸಿಂತಾ ಯಂತ್ರದ ಒಳಗನ್ನೆಲ್ಲ ಬಿಚ್ಚಿ, ಕಾಯುವುದನ್ನು ಅದಕ್ಕೆ ಕಲಿಸಿದಳು. ಜೀಪು ತೆಗೆದುಕೊಂಡು ಹೊಳೆಯುದ್ದಕ್ಕೂ ಹೋಗಿ ಪ್ರತಿ ರೇವಿನ ಹಳೆಯ ಅಂಬಿಗರನ್ನು ಹುಡುಕಿ, ಆಯಾ ಊರಿಗೆ ಆಯಾ ಊರಿನವರ ಓ ಮುದ್ರಿಸಿಕೊಂಡಳು. ಭಟ್ಟಿಯ ಬಂಗಾಳದವರು ತಮ್ಮ ಮೇಸ್ತ್ರಿಯ ಹೆಂಡತಿಯ ದನಿಯೇ ಆಗಬೇಕೆಂದರು. ಅವಳು ಕರೆದರೆ ಹೋಗದೆ ಇರುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲವಂತೆ. ಹೊಂಗಲಗಡ್ಡಿಗೆ ಅಮರಮ್ಮನೇ.

ಒಬ್ಬೊಬ್ಬರನ್ನೂ ಗುರುತಿಸಬೇಕಾದರೆ ಒಬ್ಬೊಬ್ಬರ ದನಿಯೂ ಬೇಕು. ಬೆರಳಿನ ಗೆರೆಯಂತೆ ದನಿಗೂ ಗೆರೆಗಳಿರುತ್ತವೆ. ಒಂದು ಬೆಳಿಗ್ಗೆ ಅಮರಮ್ಮನನ್ನು ಮುಂದಿಟ್ಟುಕೊಂಡು ಜೆಸಿಂತಾ ಗಡ್ಡಿಯ ಮನೆಮನೆಗೆ ಹೋಗಿ ಪುಟ್ಟ ಡಬ್ಬಿಯೊಂದಕ್ಕೆ ಎಲ್ಲರಿಂದಲೂ ಓ ಅನ್ನಿಸಿದಳು. ಎದೆಹಾಲಿನ ಕೂಸುಗಳು ತಾಯಿಯ ಲೆಕ್ಕಕ್ಕೆ ಸೇರಿದವು. ನಾಗಮ್ಮ ಮೊದಲು ಜೆಸಿಂತಾಳಿಗೆ ಮಜ್ಜಿಗೆ ಕುಡಿಸಿ, ಮದುವೆ ಯಾವಾಗ ಎಂದು ವಿಚಾರಿಸಿ, ಆಮೇಲೆ ಡಬ್ಬಿಯನ್ನು ದಿಟ್ಟಿಸಿ ನೋಡಿ, ಓ ಎಂದಳು. ಡಬ್ಬಿಯ ಮುಳ್ಳು ತುದಿಗೆ ಹೋಗಿ ಬಡಿಯಿತು.

"ನಿಮ್ಮ ದನಿ ಭಾರೀ ಉಂಟು ಅಜ್ಜೀ!"

"ನಮ್ಮ ಕಾಲದಾಗ ಕಂಬ ಎಲ್ಲಿದ್ವು ತಂಗೀ. ನಾವ ಕಂಬ."

ಮೂರನೆಯದು ಕಡೆಯ ಪರೀಕ್ಷೆ. ಅಮರಮ್ಮ ಆ ದಿನ ಕೇಂದ್ರಕ್ಕೆ ಹೊಸ ಸೀರೆ ಉಟ್ಟು ಬಂದಳು. ಗಡ್ಡಿಯಲ್ಲಿ ಆಕೆಯೊಬ್ಬಳನ್ನು ಬಿಟ್ಟು ಉಳಿದ ನೂರ ಹದಿನೇಳು ಜನರೂ ಇದ್ದರು. ಸಂತೆಗೂ ಯಾರೂ ಹೋಗಿರಲಿಲ್ಲ. ಶೀಲವಂತ ಸಾಹೇಬರು ಗಡಿಯಾರವನ್ನು ಮೇಜಿನ ಮೇಲಿಟ್ಟು ನಿಯಮ ಓದಿದರು. ಕಟ್ಟೆ ಹತ್ತಿದವರು ಸಮಯ ಮುಗಿಯುವವರೆಗೆ ಇಳಿಯುವಂತಿಲ್ಲ. ನಿಜವಾದ ನೆರೆಯಲ್ಲಿ ಒಬ್ಬರನ್ನು ಕರೆತರಲು ಹೋಗಿ ನಾಲ್ವರು ಸಾಯುತ್ತಾರೆ. ಕೇಂದ್ರದಿಂದ ಏನು ಬೇಕಾದರೂ ಹೇಳಬಹುದು.

ಹತ್ತು ಗಂಟೆಗೆ ಕಂಬಗಳು ಅಮರಮ್ಮನ ದನಿಯಲ್ಲಿ ಕೂಗಿದವು. ತನ್ನ ದನಿಯನ್ನು ಹೊರಗಿನಿಂದ ಕೇಳಿ ಆಕೆಗೆ ನಾಚಿಕೆಯಾಯಿತು. ಕಂಬ ಕೂಗಿ, ನಿಂತು, ಕಿವಿಗೊಟ್ಟು ಮತ್ತೆ ಕೂಗಿತು. ಚುಕ್ಕೆಗಳು ಎದ್ದವು. ಎದ್ದ ಒಂದೊಂದು ಚುಕ್ಕೆಗೂ ಹತ್ತಿರದ ಕಂಬ ತಿರುಗಿ ಓ ಅಂದಿತು. ಆಗ, ಹಗ್ಗ ಬಿಚ್ಚಿದ ದೋಣಿಗಳಂತೆ, ಚುಕ್ಕೆಗಳು ಹೊರಟವು. ಓಣಿ ಹಿಡಿದು, ಬಾವಿಯ ಪಕ್ಕ ಹಾದು, ಒಂದರ ಹಿಂದೊಂದು ಆಸರೆ ಕಟ್ಟೆಯ ಕಡೆ.

"ಬಂದ್ರು, ಬಂದ್ರು!" ಎಂದಳು ಜೆಸಿಂತಾ, ಅಮರಮ್ಮನ ತೋಳು ಹಿಡಿದು.

ಇಪ್ಪತ್ತೆರಡನೆಯ ನಿಮಿಷಕ್ಕೆ ಕಟ್ಟೆಯ ಮೇಲೆ ನೂರ ಹದಿನಾರು ಜನ. ಒಂದು ಹೆಸರು ಮಾತ್ರ ಪರದೆಯ ಮೂಲೆಯಲ್ಲಿ ಕೆಂಪಾಗಿ ಮಿನುಗುತ್ತಿತ್ತು. ಅಂಬಿಗರ ನಾಗಮ್ಮ.

ಸಾಹೇಬರು ಕಟ್ಟೆಯ ಮೇಲಿನ ವಾಕಿಟಾಕಿಗೆ ಕರೆ ಮಾಡಿದರು. ಅದು ಹುಸೇನಪ್ಪನ ಕೈಯಲ್ಲಿತ್ತು.

"ಅವ್ವ ಮನ್ಯಾಗ ಕುಂತಾಳ್ರಿ ಸಾಹೇಬ್ರ. ನಾ ಬರೂಮುಂದ ಕರದೆ. ನೀ ನಡಿ ಅಂದ್ಲು. ಡಬ್ಬ್ಯಾಗ ತುಂಬಿದ ಸೊಸಿ ಕೂಗಿದ್ರ ಅತ್ತಿ ಓಗೊಡೂದು ಎಲ್ಲೈತಿ, ಖರೇ ಸೊಸಿ ಮೂವತ್ತನಾಲ್ಕು ವರ್ಷದಾಗ ಒಂದ ಸರ್ತಿ ಕೂಗಿಲ್ಲ ಅಂತಾಳ."

"ಕಾಲೊನಿಗಿ ಕಳಸ್ತಾರ ಅಂತ ಹೇಳ್ರಿ ಆಕಿಗಿ!"

"ಹೇಳೀನ್ರಿ. ಕಳಸೋರು ಬಂದು ಕರೀಲಿ, ಅವರಿಗೂ ಮಜ್ಜಿಗಿ ಕುಡಸ್ತೀನಿ ಅಂದ್ಲು."

ಮನೆಯ ಹತ್ತಿರದ ಕಂಬ ಅರ್ಧ ನಿಮಿಷಕ್ಕೊಮ್ಮೆ ಕೂಗುತ್ತಲೇ ಇತ್ತು. ಕಲಿಸಿದ ಹಾಗೆ ಬಿಡದೆ, ಬೇಸರವಿಲ್ಲದೆ ಕೂಗುತ್ತಿತ್ತು. ಇಪ್ಪತ್ತೆಂಟು ನಿಮಿಷ. ಮೂವತ್ತು.

ಜೆಸಿಂತಾ ಅಮರಮ್ಮನ ಮುಖ ನೋಡಿದಳು. ಮೈಕನ್ನು ಅವಳ ಕಡೆ ತಿರುಗಿಸಿದಳು.

"ಹ್ಯಾಂಗ ಕರೀಲ್ರಿ ಮೇಡಂ?" ಅಮರಮ್ಮನ ದನಿ ಹೊಸ್ತಿಲ ಒಳಗಿನ ದನಿಯಾಗಿತ್ತು. "ನಾ ಆಕೀನ ಕೂಗಿಲ್ಲ. ಇಡೀ ಊರ ಮುಂದ..."

"ಗಡ್ಡೆಯ ಕಂಬಗಳಿಗೆ ಮಾತ್ರ ಹೋಗ್ತದೆ. ಬೇರೆ ಯಾರಿಗೂ ಕೇಳುದಿಲ್ಲ," ಎಂದು ಜೆಸಿಂತಾ ಅವಸರದಲ್ಲಿ ಗುಂಡಿ ಒತ್ತಿದಳು. ಒತ್ತಿದ್ದು ಪಕ್ಕದ ಗುಂಡಿ. ನೂರ ನಲವತ್ತು ಕಿಲೋಮೀಟರಿನ ಕಂಬಗಳೆಲ್ಲ ಬಾಯಿ ತೆರೆದವು.

ಅಮರಮ್ಮ ಸೆರಗು ಹೊದ್ದುಕೊಂಡಳು, ಅತ್ತೆ ಎದುರಿಗಿದ್ದ ಹಾಗೆ. ಕಣ್ಣು ಮುಚ್ಚಿದಳು. ಹೊಟ್ಟೆಯೊಳಗಿಂದ ಆ ಹಳೆಯ ದನಿ, ಹೊಳೆ ದಾಟುವ ದನಿ, ಎದ್ದು ಬಂತು.

"ಅತ್ತೀ... ಓ ಅತ್ತೀ..."

ಪರದೆ ಮೇಲಿಂದ ಕೆಳಗಿನವರೆಗೆ ಒಮ್ಮೆಲೇ ಹಸಿರಾಯಿತು. ಗಡ್ಡಿಯಲ್ಲಲ್ಲ, ಅದರ ಮೇಲೆ, ಕೆಳಗೆ, ಎರಡೂ ದಂಡೆಯ ಊರೂರಿನಲ್ಲಿ. ಗದ್ದೆಯಲ್ಲಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಹೊಳೆಯುದ್ದದ ಅತ್ತೆಯರೆಲ್ಲ ತಮ್ಮ ಸೊಸೆಯೇ ಕರೆದಳೆಂದು ಓಗೊಟ್ಟಿದ್ದರು. ಯಂತ್ರ ಕಲಿತ ಪಾಠ ಮರೆಯದೆ ಒಬ್ಬೊಬ್ಬರಿಗೂ ತಿರುಗಿ ಓ ಅನ್ನತೊಡಗಿತು. ಎಲ್ಲಿ ನೋಡಿದರಲ್ಲಿ ಓ. ಶೀಲವಂತ ಸಾಹೇಬರು ತಲೆಯ ಮೇಲೆ ಕೈ ಹೊತ್ತರು. ಜೆಸಿಂತಾ "ಯೇಸುವೇ!" ಎಂದು ಬಾಯಿ ಮುಚ್ಚಿಕೊಂಡಳು.

ಕೆಂಪು ಹೆಸರು ಮಾತ್ರ ಕೆಂಪಾಗಿಯೇ ಇತ್ತು. ಮೂವತ್ತಾರು ನಿಮಿಷ.

ವಾಕಿಟಾಕಿ ಕರಕರ ಎಂದಿತು. "ಬರಾಕತ್ಯಾಳ್ರಿ!" ಹುಸೇನಪ್ಪನ ದನಿ ಕುಣಿಯುತ್ತಿತ್ತು. "ಅವ್ವ ಬರಾಕತ್ಯಾಳ! ಕೋಳಿ ಬುಟ್ಟಿ ಹೊತ್ಕೊಂಡಾಳ. ಮೆಟ್ಟಲಾ ಹತ್ತಾಕತ್ಯಾಳ!"

ಮೂವತ್ತೆಂಟು. ಕಟ್ಟೆಯ ಮೇಲಿನ ಕಂಬದ ಕಿವಿಗೆ ಏದುಸಿರು ಕೇಳಿಸಿತು, ಕೋಳಿ ಕೇಳಿಸಿತು, ಜನರ ಗದ್ದಲ ಕೇಳಿಸಿತು: "ಓ ಅನ್ನಬೇ ಯವ್ವಾ! ಕಂಬದ ಕಡಿ ತಿರುಗಿ ಓ ಅನ್ನು!"

"ಯಾಕನ್ಲಿ?" ಅದು ನಾಗಮ್ಮನ ದನಿ. "ಬಂದು ನಿಂತೀನಿಲ್ಲ ನಿಮ್ಮೆದುರಿಗಿ? ಎದುರು ನಿಂತಾಕಿ ಓ ಅಂತಾಳೇನು? ಕರದಾಕಿ ಎಲ್ಲಿದ್ದಾಳ?"

ಅದು ಓ ಅಲ್ಲದ್ದರಿಂದ ಯಂತ್ರ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೂವತ್ತೊಂಬತ್ತು. ಸಾಹೇಬರು ಗಡಿಯಾರದಿಂದ ಕಣ್ಣು ತೆಗೆಯದೆ ಪೆನ್ನಿನ ಮುಚ್ಚಳ ತೆಗೆದರು.

ಅಮರಮ್ಮ ಮೈಕಿನ ಹತ್ತಿರಕ್ಕೆ ಬಂದಳು. ಈ ಸಲ ಕೂಗಲಿಲ್ಲ. ಮೂವತ್ತನಾಲ್ಕು ವರ್ಷ ಯಾರ ಯಾರ ಕೈಲೋ ಹೇಳಿಸಿದ್ದನ್ನು ತಾನೇ ಹೇಳುವ ಹಾಗೆ, ಮೆಲ್ಲಗೆ ಕರೆದಳು.

"ಅತ್ತೀ."

"ಓ," ಎಂದಳು ನಾಗಮ್ಮ.

ಕೆಂಪು ಹೆಸರು ಹಸಿರಾಯಿತು. ನೂರ ಹದಿನೇಳು. ಗಡಿಯಾರದಲ್ಲಿ ಇನ್ನೂ ಇಪ್ಪತ್ತು ಸೆಕೆಂಡು ಉಳಿದಿತ್ತು. ಜೆಸಿಂತಾ ಸಾಹೇಬರನ್ನೇ ತಬ್ಬಿಕೊಂಡಳು. ಅವರು ಅವಳ ಭುಜದ ಮೇಲಿನಿಂದ ಕೈ ಚಾಚಿ ಕಾಗದದ ಮೇಲೆ 'ವಾಸಕ್ಕೆ ಯೋಗ್ಯ' ಎಂದು ಬರೆದು ಸಹಿ ಹಾಕಿದರು. ಸಹಿ ಸೊಟ್ಟಗಾಯಿತು. ಕಟ್ಟೆಯ ಮೇಲೆ ಎದ್ದ ಕೇಕೆಯನ್ನು ಒಂಬತ್ತು ಕಂಬಗಳೂ ಹಿಡಿದು ತಂದು ಕೇಂದ್ರದೊಳಗೆ ಸುರಿದವು.

ಅಮರಮ್ಮ ಕೈಬೆರಳುಗಳಿಂದ ಮೈಕನ್ನು ಹಿಡಿದುಕೊಂಡೇ ಇದ್ದಳು. ಕೇಕೆ ಇಳಿದ ಮೇಲೆ ಆ ಕಡೆಯಿಂದ ಅತ್ತೆಯ ದನಿ ಮತ್ತೆ ಬಂತು.

"ಏನಾತು? ಕರದು ಸುಮ್ಮಾದಿ. ಕರದ ಮ್ಯಾಲ ಏನರೆ ಹೇಳಬೇಕಲ್ಲ."

ಇಡೀ ಹೊಳೆ ಕಾಯುತ್ತಿತ್ತು. ಮರಾಠಿಯವರು, ತೆಲುಗಿನವರು, ಭಟ್ಟಿಯವರು, ಸೊಸೆ ಯಾಕೆ ಕರೆದಳೆಂದು ತಿಳಿಯದೆ ಕಂಬದ ಕೆಳಗೆ ನಿಂತ ಅಷ್ಟೂ ಅತ್ತೆಯರು.

"ಮತ್ತ... ಒಲಿಮ್ಯಾಲ ಹಿಂಡಿಪಲ್ಲೆ ಇಟ್ಟೀನಿ," ಎಂದಳು. "ಆರೂದ್ರೊಳಗ ಉಂಡುಬಿಡ್ರಿ. ನಾ ಬರೂದು ಸ್ವಲ್ಪ ತಡಾ ಆಗ್ತದ."

"ಇಷ್ಟು ಹೇಳಾಕ," ಎಂದಳು ನಾಗಮ್ಮ, ನಗೆಯನ್ನು ಬಿಗಿಹಿಡಿದು, "ಹೊಳಿಗಿ ಹೊಳೀನ ಎಬ್ಬಿಸಿದೇನಬೇ ನೀ?"